ಹಾರ್ಟ್ ವಾಲ್ವ್ ತೊಂದರೆ ಇರುವ ಹೆಣ್ಣುಮಕ್ಕಳಿಗೆ ಹಾರ್ಟ್ ಅಟ್ಯಾಕ್ ಭಯ ಎಷ್ಟು ನಿಜ?

ಪ್ರಶ್ನೆ: ನನಗೆ 29 ವರ್ಷ, ಹಾಸನ ಜಿಲ್ಲೆಯವಳು. ಚಿಕ್ಕವಳಿದ್ದಾಗ ಕೀಲು ಊದಿ ಜ್ವರ ಬಂದಿತ್ತು, ಆಮೇಲೆ ಹಾರ್ಟ್ ವಾಲ್ವ್ ಕಿರಿದಾಗಿದೆ ಎಂದರು. ಮದುವೆಗೆ ಮುಂಚೆ ಬಲೂನ್ ಹಾಕಿ ಅಗಲ ಮಾಡಿದರು. ಈಗ ಒಂದು ಮಗು ಇದೆ. ಹೋದ ತಿಂಗಳ ಎಕೋದಲ್ಲಿ ವಾಲ್ವ್ 1.6 ಎಂದು ಬರೆದಿದ್ದಾರೆ. ಎದೆಯ ಎಡಗಡೆ ಆಗಾಗ ಚುಚ್ಚಿದ ಹಾಗಾಗುತ್ತದೆ, ಕೆಲವು ಸಲ ಡವಡವ ಎನ್ನುತ್ತದೆ. 2025ರಲ್ಲಿ ನಮ್ಮ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ನೋಡಿದ ಮೇಲೆ ರಾತ್ರಿ ಸರಿಯಾಗಿ ನಿದ್ದೆ ಬರುತ್ತಿಲ್ಲ. ನನಗೆ ಬೇರೆಯವರಿಗಿಂತ ಅಪಾಯ ಜಾಸ್ತಿನಾ? ಆಂಜಿಯೋಗ್ರಾಂ ಮಾಡಿಸಬೇಕಾ? ಪೆನಿಸಿಲಿನ್ ಇಂಜೆಕ್ಷನ್ ಮದುವೆಯಾದ ಮೇಲೆ ನಿಂತುಹೋಗಿದೆ. ಮನೆಯಲ್ಲಿ ಎರಡನೇ ಮಗು ಬೇಕು ಎನ್ನುತ್ತಿದ್ದಾರೆ.

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ವಾಲ್ವ್ ಕಿರಿದಾಗಿದೆ ಎಂಬ ಒಂದೇ ಕಾರಣಕ್ಕೆ ನಿಮ್ಮ ವಯಸ್ಸಿನಲ್ಲಿ ಹಾರ್ಟ್ ಅಟ್ಯಾಕ್ ಆಗುವುದು ಬಹಳ ಅಪರೂಪ. ರಕ್ತನಾಳದಲ್ಲಿ ಬ್ಲಾಕ್ ಇದೆಯಾ ಎಂದು ನೋಡುವ ಆಂಜಿಯೋಗ್ರಾಂ ಈಗ ಬೇಡ. ಆದರೆ ನಿಮ್ಮ ಪತ್ರದಲ್ಲಿ ನನಗೆ ಚಿಂತೆ ತಂದ ಮಾತು ಎರಡಿವೆ. ಒಂದು, ಡವಡವ ಎನ್ನುತ್ತದೆ ಎಂದಿರುವುದು. ಇನ್ನೊಂದು, ಪೆನಿಸಿಲಿನ್ ನಿಂತುಹೋಗಿದೆ ಎಂದಿರುವುದು. ನೀವು ಹೆದರಬೇಕಾದ್ದು ರಕ್ತನಾಳದ ಬ್ಲಾಕಿಗಲ್ಲ, ಹೆಪ್ಪುಗಟ್ಟುವ ರಕ್ತಕ್ಕೆ. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಹೃದಯವನ್ನು ಒಂದು ಮನೆ ಅಂದುಕೊಳ್ಳಿ. ವಾಲ್ವ್ ಎಂದರೆ ಕೋಣೆಯಿಂದ ಕೋಣೆಗೆ ಇರುವ ಬಾಗಿಲು. ಗೋಡೆಯೊಳಗೆ ಹೋಗಿರುವ ನೀರಿನ ಪೈಪೇ ಬೇರೆ. ಹೃದಯದ ಮಾಂಸಖಂಡಕ್ಕೆ ರಕ್ತ ಕೊಡುವ ಕರೋನರಿ ನಾಳಗಳು ಆ ಪೈಪುಗಳು. ಹಾರ್ಟ್ ಅಟ್ಯಾಕ್ ಆಗುವುದು ಪೈಪ್ ಕಟ್ಟಿಕೊಂಡಾಗ, ಸಾಮಾನ್ಯವಾಗಿ ಕೊಬ್ಬು ಕೂತು, ಅದು ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ. ನಿಮಗೆ ಕೆಟ್ಟಿರುವುದು ಬಾಗಿಲು. ಚಿಕ್ಕಂದಿನಲ್ಲಿ ಗಂಟಲಿಗೆ ಬಂದ ಸ್ಟ್ರೆಪ್ಟೋಕಾಕಸ್ ಸೋಂಕಿನ ಜೊತೆ ಹೋರಾಡುತ್ತಾ ದೇಹ ತನ್ನದೇ ವಾಲ್ವ್ ಮೇಲೂ ದಾಳಿ ಮಾಡಿತು. ಅದೇ ರುಮ್ಯಾಟಿಕ್ ಜ್ವರ. ಸಾಮಾನ್ಯವಾಗಿ 5ರಿಂದ 15 ವರ್ಷದ ಮಕ್ಕಳಿಗೆ ಬರುತ್ತದೆ. ಕೀಲುನೋವು ಹೋಗುತ್ತದೆ, ವಾಲ್ವ್ ಮೇಲಿನ ಗಾಯ ಉಳಿಯುತ್ತದೆ. ಎಡ ಮೇಲಿನ ಕೋಣೆಗೂ ಎಡ ಕೆಳಗಿನ ಕೋಣೆಗೂ ನಡುವೆ ಇರುವ ಮೈಟ್ರಲ್ ವಾಲ್ವ್ ಹೀಗೆ ಕಿರಿದಾಗುವುದು ಗಂಡಸರಿಗಿಂತ ಹೆಂಗಸರಲ್ಲೇ ಜಾಸ್ತಿ.

ಆರೋಗ್ಯವಾಗಿರುವ ಮೈಟ್ರಲ್ ವಾಲ್ವ್ 4ರಿಂದ 6 ಚದರ ಸೆಂಟಿಮೀಟರ್ ತೆರೆಯುತ್ತದೆ. 1.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಎನ್ನುತ್ತೇವೆ. ನಿಮ್ಮದು 1.6, ಗೆರೆಯ ಈಚೆ ಇದೆ, ಆದರೆ ಗೆರೆಗೆ ಹತ್ತಿರವೇ ಇದೆ. ಹಾಗಾಗಿ ವರ್ಷಕ್ಕೊಂದು ಎಕೋ ತಪ್ಪಿಸಬೇಡಿ. ರಿಪೋರ್ಟ್ ಕೈಗೆ ಬಂದಾಗ ಆ ಒಂದು ಸಂಖ್ಯೆ ನೋಡಿ ಮಡಚಿಡಬೇಡಿ. ಎಡ ಮೇಲಿನ ಕೋಣೆ ಎಷ್ಟು ಹಿಗ್ಗಿದೆ, ಶ್ವಾಸಕೋಶದ ಕಡೆ ಒತ್ತಡ ಎಷ್ಟಿದೆ, ಹೆಪ್ಪು ಕಾಣುತ್ತಿದೆಯಾ ಎಂದು ಬಾಯಿಬಿಟ್ಟು ಕೇಳಿ.

ಆ ಎಡ ಮೇಲಿನ ಕೋಣೆಯೇ ಇಲ್ಲಿ ಮುಖ್ಯ. ಕಿರಿದಾದ ವಾಲ್ವ್ ದಾಟಲು ರಕ್ತ ಅಲ್ಲಿ ಕಾಯಬೇಕಾಗುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಕೋಣೆ ಹಿಗ್ಗುತ್ತದೆ. ಹಿಗ್ಗಿದ ಗೋಡೆಯಲ್ಲಿ ಕರೆಂಟ್ ಓಡುವ ದಾರಿ ಕೆಡುತ್ತದೆ. ಆಗ ಕೋಣೆ ಸರಿಯಾಗಿ ಬಡಿಯುವ ಬದಲು ಸುಮ್ನೆ ನಡುಗುತ್ತಾ ಇರುತ್ತದೆ. ಇದಕ್ಕೆ ಏಟ್ರಿಯಲ್ ಫಿಬ್ರಿಲೇಷನ್ ಎಂದು ಹೆಸರು, ನಾವು ಎಎಫ್ ಎನ್ನುತ್ತೇವೆ. ನಡುಗುವ ಕೋಣೆಯಲ್ಲಿ ರಕ್ತ ನಿಂತಲ್ಲೇ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರು ಕಿತ್ತುಬಂದರೆ ಹೆಚ್ಚಾಗಿ ಹೋಗುವುದು ಮೆದುಳಿಗೆ, ಅಂದರೆ ಪಾರ್ಶ್ವವಾಯು. ಕೆಲವು ಸಲ ಕಾಲಿಗೆ, ಕರುಳಿಗೆ. ತೀರಾ ಅಪರೂಪಕ್ಕೆ ಕರೋನರಿ ನಾಳಕ್ಕೇ ಹೋಗಿ ಕೂರುತ್ತದೆ. ಕೊಬ್ಬು ಒಂದು ಚೂರೂ ಇಲ್ಲದ ಸ್ವಚ್ಛವಾದ ನಾಳದಲ್ಲೂ ಆಗ ಹಾರ್ಟ್ ಅಟ್ಯಾಕ್ ಆಗುತ್ತದೆ. ವಾಲ್ವ್ ತೊಂದರೆ ಇರುವ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೃದಯಾಘಾತಕ್ಕೆ ವಾಲ್ವೇ ಕಾರಣವಾಗುವ ಮುಖ್ಯ ದಾರಿ ಇದು. ವಾಲ್ವ್‌ಗೆ ಸೋಂಕು ತಗುಲಿದಾಗ ಅದರ ಮೇಲೆ ಬೆಳೆದ ಗಂಟಿನ ಚೂರು ಹಾರಿಯೂ ಹೀಗಾಗಬಹುದು. ಅದಕ್ಕೇ ವಾಲ್ವ್ ತೊಂದರೆ ಇರುವವರಿಗೆ ಕಾರಣ ಗೊತ್ತಾಗದ ಜ್ವರ ನಾಲ್ಕೈದು ದಿನ ಬಿಡದೇ ಇದ್ದರೆ, ಮೆಡಿಕಲ್ ಶಾಪಿನಿಂದ ಆಂಟಿಬಯೋಟಿಕ್ ತಂದು ನುಂಗುವ ಮುಂಚೆ ಬ್ಲಡ್ ಕಲ್ಚರ್ ಆಗಬೇಕು. ಮೊದಲೇ ಮಾತ್ರೆ ನುಂಗಿದರೆ ಕಲ್ಚರ್‌ನಲ್ಲಿ ರೋಗಾಣು ಸಿಗದೇ ಹೋಗಬಹುದು. ಹಲ್ಲು, ಒಸಡು ಚೆನ್ನಾಗಿಟ್ಟುಕೊಳ್ಳುವುದೂ ಈ ಸೋಂಕು ತಡೆಯುವ ಉಪಾಯವೇ.

ಈಗ ನಿಮ್ಮ ಡವಡವ. ಗಾಬರಿಗೂ ಹಾಗಾಗುತ್ತದೆ, ರಕ್ತ ಕಡಿಮೆ ಇದ್ದರೂ ಆಗುತ್ತದೆ, ಥೈರಾಯ್ಡ್‌ನಿಂದಲೂ ಆಗುತ್ತದೆ. ಆದರೆ ನಿಮ್ಮ ವಿಷಯದಲ್ಲಿ ಎಎಫ್ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳದೆ ಬಿಡುವ ಹಾಗಿಲ್ಲ. ಮನೆಯಲ್ಲೇ ಒಂದು ಕೆಲಸ ಮಾಡಿ. ಡವಡವ ಶುರುವಾದಾಗ ಕೂತುಕೊಂಡು, ಹೆಬ್ಬೆರಳಿನ ಬುಡದ ಹತ್ತಿರ, ಮಣಿಕಟ್ಟಿನ ಮೇಲೆ ಇನ್ನೊಂದು ಕೈಯ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ನೋಡಿ. ವೇಗವಾಗಿದ್ದರೂ ಒಂದೇ ಲಯದಲ್ಲಿ ಬಡಿಯುತ್ತಿದ್ದರೆ ಬೇರೆ ಮಾತು. ಒಂದು ಬಡಿತ ಜೋರು, ಒಂದು ಮೆಲ್ಲಗೆ, ಒಮ್ಮೆ ಹತ್ತಿರ, ಒಮ್ಮೆ ದೂರ, ಹೀಗೆ ಯಾವ ಲೆಕ್ಕಕ್ಕೂ ಸಿಗದ ಹಾಗೆ ಇದ್ದರೆ ಆಗಲೇ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ. ಡವಡವ ನಿಂತ ಮೇಲೆ ತೆಗೆಸಿದ ಇಸಿಜಿ ನಾರ್ಮಲ್ ಬಂದರೆ ಅದರಿಂದ ತೀರ್ಮಾನವಾಗುವುದಿಲ್ಲ. ಅದಕ್ಕೆ 24 ಗಂಟೆ ಮೈಗೆ ಕಟ್ಟುವ ಹೋಲ್ಟರ್ ಇದೆ. ನೀವು ಮಾಡಿಸಬೇಕಾದ ಟೆಸ್ಟ್ ಅದು, ಆಂಜಿಯೋಗ್ರಾಂ ಅಲ್ಲ. ಜೊತೆಗೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್.

ಎಎಫ್ ಇದೆ ಎಂದು ಗೊತ್ತಾದರೆ ರಕ್ತ ತೆಳುವಾಗಿಸುವ ಮಾತ್ರೆ ಬೇಕೇ ಬೇಕು. ವಯಸ್ಸು ಚಿಕ್ಕದು, ಬಿಪಿ ಶುಗರ್ ಇಲ್ಲ ಎಂಬ ವಿನಾಯಿತಿ ಇಲ್ಲಿ ನಡೆಯುವುದಿಲ್ಲ. ಹೊಸ ಮಾತ್ರೆಗಳಿವೆ, ರಕ್ತ ಪರೀಕ್ಷೆಯ ಕಾಟ ಇಲ್ಲ ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಡಿ: ರುಮ್ಯಾಟಿಕ್ ವಾಲ್ವ್ ಜೊತೆ ಎಎಫ್ ಇರುವ ಸುಮಾರು 4500 ಜನರ ಮೇಲೆ 24 ದೇಶಗಳಲ್ಲಿ ನಡೆದ ಇನ್ವಿಕ್ಟಸ್ ಅಧ್ಯಯನ 2022ರಲ್ಲಿ ಹೊರಬಂತು. ಅದರಲ್ಲಿದ್ದವರಲ್ಲಿ ಹತ್ತಕ್ಕೆ ಏಳು ಮಂದಿ ಹೆಂಗಸರೇ. ಹೊಸ ಮಾತ್ರೆ ರಿವರೋಕ್ಸಬಾನ್ ತೆಗೆದುಕೊಂಡವರಿಗಿಂತ ವಾರ್ಫರಿನ್ ಗುಂಪಿನ ಹಳೆಯ ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಕಡಿಮೆ ಇತ್ತು. ನಮ್ಮಲ್ಲಿ ಹೆಚ್ಚಾಗಿ ಬರೆದುಕೊಡುವ ಅಸಿಟ್ರಾಮ್ ಆ ಹಳೆಯ ಗುಂಪಿನದೇ.

ಲೋಹದ ವಾಲ್ವ್ ಹಾಕಿಸಿಕೊಂಡ ಹೆಣ್ಣುಮಕ್ಕಳೂ ಇದನ್ನು ಓದುತ್ತಿರುತ್ತೀರಿ, ಅದಕ್ಕೆ ನಿಮಗೂ ಸೇರಿಸಿ ಹೇಳುತ್ತೇನೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ತಯಾರಾಗಿ 1990ರಲ್ಲಿ ಮೊದಲ ಬಾರಿ ರೋಗಿಗೆ ಕೂರಿಸಿದ ಚಿತ್ರಾ ವಾಲ್ವ್ ಇರಲಿ, ಹೊರದೇಶದ್ದೇ ಇರಲಿ, ಲೋಹದ ವಾಲ್ವ್ ಇದ್ದರೆ ಅಸಿಟ್ರಾಮ್ ಅಥವಾ ವಾರ್ಫರಿನ್ ಜೀವನಪರ್ಯಂತ. ಹೊಸ ಮಾತ್ರೆಗಳಲ್ಲಿ ಒಂದಾದ ಡಬಿಗಾಟ್ರಾನ್ ಅನ್ನು ಲೋಹದ ವಾಲ್ವ್ ಇರುವವರಿಗೆ ಕೊಟ್ಟು ನೋಡಿದ ಅಧ್ಯಯನವನ್ನು, ಹೆಪ್ಪೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ ಆಯಿತೆಂದು ಅರ್ಧಕ್ಕೇ ನಿಲ್ಲಿಸಿದರು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ರಕ್ತ ಪರೀಕ್ಷೆಯೇ ಐಎನ್‌ಆರ್. ಐಎನ್‌ಆರ್ ಮೈಟ್ರಲ್ ಜಾಗದ ಲೋಹದ ವಾಲ್ವ್‌ಗೆ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ ಇರಬೇಕು. ವಾಲ್ವ್ ಬದಲಾಯಿಸಿಲ್ಲ, ಎಎಫ್ ಇದೆ ಎಂದಾದರೆ 2ರಿಂದ 3.

ನಾನು ಒಪಿಡಿಯಲ್ಲಿ ನೋಡುವ ಐಎನ್‌ಆರ್ ಪುಸ್ತಕಗಳು ಒಂದು ಕಥೆ ಹೇಳುತ್ತವೆ. ಪ್ಲಾಸ್ಟಿಕ್ ಕವರಿನಲ್ಲಿ ರೇಷನ್ ಕಾರ್ಡ್, ಆಧಾರ್ ಜೆರಾಕ್ಸ್ ಜೊತೆ ಮಡಚಿಟ್ಟಿರುತ್ತಾರೆ. ತವರಿನಲ್ಲಿದ್ದಷ್ಟು ದಿನ ಸಾಲಾಗಿ ತಿಂಗಳು ತಿಂಗಳು ಎಂಟ್ರಿ. ಮದುವೆಯ ತಾರೀಖಿನ ನಂತರ ಪುಟ ಖಾಲಿ. ಪೆನಿಸಿಲಿನ್ ಕಾರ್ಡೂ ಹಾಗೇ, ನಿಮ್ಮದೂ ಅಲ್ಲೇ ನಿಂತಿದೆ. ಗಂಡನ ಮನೆಯವರಿಗೆ ಹೇಳಿರುವುದಿಲ್ಲ. ಹೇಳಿದರೆ ಸಂಬಂಧ ಮುರಿಯುತ್ತದೆ ಎಂದು ಹೆತ್ತವರೇ ಮುಚ್ಚಿಟ್ಟಿರುತ್ತಾರೆ, ಮೂರು ವಾರಕ್ಕೊಂದು ಇಂಜೆಕ್ಷನ್‌ಗೆ ಏನು ನೆಪ ಹೇಳಿ ಹೋಗುವುದು ಎಂದು ಹುಡುಗಿ ಬಿಟ್ಟೇಬಿಡುತ್ತಾಳೆ, ಆಮೇಲೆ ಏಳನೇ ತಿಂಗಳಲ್ಲಿ ಮಲಗಲಾರದಷ್ಟು ದಮ್ಮು ಬಂದು ಆಂಬ್ಯುಲೆನ್ಸ್‌ನಲ್ಲಿ ಬಂದಾಗ ಗಂಡನಿಗೆ ಮೊದಲ ಸಲ ಗೊತ್ತಾಗುತ್ತದೆ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಆ ಹುಡುಗಿಯ ತಪ್ಪು ಇದರಲ್ಲಿ ಏನೂ ಇಲ್ಲ. ನಿಮ್ಮ ಮನೆಯವರಿಗೆ ಗೊತ್ತಿದೆಯೋ ಇಲ್ಲವೋ ನೀವು ಬರೆದಿಲ್ಲ. ಗೊತ್ತಿಲ್ಲದಿದ್ದರೆ ಮುಂದಿನ ಸಲ ಗಂಡನನ್ನು ಕರೆದುಕೊಂಡೇ ಡಾಕ್ಟರ್ ಹತ್ತಿರ ಹೋಗಿ, ಮಾತಾಡುವ ಕೆಲಸ ಅವರಿಗೆ ಬಿಡಿ.

ಪೆನಿಸಿಲಿನ್ ಯಾಕೆ ಅಷ್ಟು ಮುಖ್ಯ? ಬಲೂನ್ ಮಾಡಿದ್ದು ವಾಲ್ವ್ ಬಿಡಿಸುವುದಕ್ಕೆ ಮಾತ್ರ, ಕಾಯಿಲೆಯ ಬೇರು ಹಾಗೇ ಇದೆ. ಗಂಟಲಿನ ಸೋಂಕು ಮತ್ತೆ ಬಂದರೆ ರುಮ್ಯಾಟಿಕ್ ಜ್ವರ ಮತ್ತೆ ಬರಬಹುದು, ಪ್ರತಿ ಸಲವೂ ವಾಲ್ವ್ ಇನ್ನಷ್ಟು ದಪ್ಪವಾಗಿ ಅಂಟಿಕೊಳ್ಳುತ್ತದೆ. 12 ಲಕ್ಷ ಯೂನಿಟ್‌ನ ಬೆಂಜಥೀನ್ ಪೆನಿಸಿಲಿನ್ ಅದನ್ನು ತಡೆಯುತ್ತದೆ. ವಾಲ್ವ್‌ಗೆ ಹಾನಿಯಾಗಿ ಉಳಿದವರಿಗೆ ಇದು ಕನಿಷ್ಠ 40 ವರ್ಷ ವಯಸ್ಸಾಗುವವರೆಗೆ ಬೇಕು, ಬಲೂನ್ ಆಗಿದ್ದರೂ, ಆಪರೇಷನ್ ಆಗಿದ್ದರೂ. ನೋವು ಇರುತ್ತದೆ, ಗೊತ್ತು. ಸೂಜಿ ಹಾಕುವ ಮುಂಚೆ ಔಷಧಿಯ ಸೀಸೆ ಫ್ರಿಜ್ ತಣ್ಣಗಿದ್ದರೆ ಸ್ವಲ್ಪ ಹೊತ್ತು ಹೊರಗಿಟ್ಟು, ನಿಧಾನವಾಗಿ ಹಾಕಿ ಎಂದು ಸಿಸ್ಟರ್‌ಗೆ ಕೇಳಿ, ಅಷ್ಟು ಮಾಡಿದರೂ ನೋವು ಕಡಿಮೆಯಾಗುತ್ತದೆ. ಮಲಗಿಕೊಂಡೇ ಹಾಕಿಸಿಕೊಳ್ಳಿ. ವಾಲ್ವ್ ತುಂಬಾ ಕಿರಿದಾಗಿ ಸುಸ್ತು, ದಮ್ಮು ಇರುವವರಿಗೆ ಇಂಜೆಕ್ಷನ್ ಬದಲು ಮಾತ್ರೆಯೂ ಕೊಡಬಹುದು, ಡಾಕ್ಟರ್ ತೀರ್ಮಾನ. ಇಷ್ಟು ವರ್ಷ ಬಿಟ್ಟು ಈಗ ಶುರು ಮಾಡಿದರೆ ಪ್ರಯೋಜನ ಇದೆಯಾ ಅಂತ ಕೇಳುತ್ತೀರಿ ಅಲ್ವಾ? ಇದೆ. ಈ ವಾರವೇ ಹೋಗಿ.

ಹಾಸನದ ಸುದ್ದಿಗೆ ಬರುತ್ತೇನೆ. 2025ರ ಜೂನ್-ಜುಲೈಯಲ್ಲಿ ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಬೆಳಗಿನ ಜಾವದಿಂದ ಸಾಲು ನಿಂತಿದ್ದು ನೀವೂ ನೋಡಿರುತ್ತೀರಿ. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿ ಆ ಸಾವುಗಳನ್ನು ಪರಿಶೀಲಿಸಿತು. ಅಲ್ಲಿ ಎದ್ದು ಕಂಡಿದ್ದು ನಮಗೆ ಮೊದಲಿಂದ ಗೊತ್ತಿರುವ ಕಾರಣಗಳೇ: ಸಕ್ಕರೆ ಕಾಯಿಲೆ, ಬಿಪಿ, ಧೂಮಪಾನ, ತೂಕ, ಮನೆತನದಲ್ಲಿ ಹೃದಯದ ಕಾಯಿಲೆ. ಅಂದರೆ ಪೈಪಿನ ಕಾಯಿಲೆ. ಇವು ನಿಮಗಿದ್ದರೆ ವಾಲ್ವ್ ತೊಂದರೆ ಇಲ್ಲದ ಇನ್ನೊಬ್ಬಳಿಗೆ ಎಷ್ಟು ಅಪಾಯವೋ ನಿಮಗೂ ಅಷ್ಟೇ ಅಪಾಯ. ಹೆಣ್ಣುಮಕ್ಕಳಲ್ಲಿ ಇನ್ನೂ ಒಂದಷ್ಟು ಕೇಳಿ ತಿಳಿಯಬೇಕು. ಬಸುರಿಯಲ್ಲಿ ಬಿಪಿ ಏರಿತ್ತಾ, ಶುಗರ್ ಬಂದಿತ್ತಾ, ಮುಟ್ಟು ಬೇಗನೇ ನಿಂತಿತಾ, ದೇಹ ತನ್ನ ಮೇಲೇ ದಾಳಿ ಮಾಡುವ ಲೂಪಸ್ ತರಹದ ಕಾಯಿಲೆ ಇದೆಯಾ? ಹೆಂಗಸರು ಬೀಡಿ ಸೇದುವುದಿಲ್ಲ ಎಂದು ಸುಮ್ಮನಾಗುವ ಹಾಗೂ ಇಲ್ಲ, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಅದೂ ತಂಬಾಕೇ. ನಿಮಗಿದ್ದರೆ ಇವತ್ತೇ ಬಿಡಿ. ಒಂದು ಸಲ ಶುಗರ್, ಕೊಲೆಸ್ಟ್ರಾಲ್, ಬಿಪಿ ನೋಡಿಸಿ. ಮೂರೂ ಸರಿಯಿದ್ದರೆ ಈ ಭಯವನ್ನು ಪಕ್ಕಕ್ಕಿಡಿ. ವಾಲ್ವ್ ಆಪರೇಷನ್‌ಗೆ ಹೋಗುವವರಲ್ಲೂ, ಬೇರೆ ಅಪಾಯದ ಕಾರಣ ಇಲ್ಲದ, ಮುಟ್ಟು ನಿಲ್ಲದ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ ಆಂಜಿಯೋಗ್ರಾಂ ಇಲ್ಲದೇ ಆಪರೇಷನ್ ಮಾಡುತ್ತೇವೆ. ಬ್ಲಾಕ್ ಸಿಗುವ ಸಾಧ್ಯತೆ ಅಷ್ಟು ಕಡಿಮೆ.

ನಿಮ್ಮ ಚುಚ್ಚುವ ನೋವು, ಬೆರಳಿಟ್ಟು ತೋರಿಸುವಂತಿದ್ದು, ಒತ್ತಿದರೆ ಜಾಸ್ತಿಯಾಗಿ, ಕ್ಷಣದಲ್ಲಿ ಮಾಯವಾಗುತ್ತಿದ್ದರೆ ಅದು ಬಹುತೇಕ ಪಕ್ಕೆಲುಬು, ಸ್ನಾಯುಗಳದ್ದು. ಹೃದಯದ ನೋವು ಹೀಗಿರುವುದಿಲ್ಲ. ಎದೆಯ ಮಧ್ಯೆ ಭಾರ ಹೇರಿದ ಹಾಗೆ, ಹಿಂಡಿದ ಹಾಗೆ, ಹತ್ತು ನಿಮಿಷವಾದರೂ ಬಿಡದೆ, ದವಡೆಗೆ, ಬೆನ್ನಿಗೆ, ತೋಳಿಗೆ ಹರಡಿ, ಮೈ ಬೆವರಿ, ವಾಂತಿ ಬಂದ ಹಾಗಾಗುತ್ತದೆ. ಹೆಂಗಸರಲ್ಲಿ ನೋವಿಗಿಂತ ದಮ್ಮು, ವಿಪರೀತ ಸುಸ್ತು ಮುಂದಾಗಬಹುದು. ಮನೆಯಲ್ಲಿ ಇದನ್ನು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿ ಮಲಗಿಸುತ್ತಾರೆ, ಚಿಕ್ಕ ವಯಸ್ಸಿನ ಹೆಂಗಸಾದರಂತೂ ಟೆನ್ಷನ್ ಎಂದುಬಿಡುತ್ತಾರೆ, ಇದಕ್ಕೆ ಒಪ್ಪಬೇಡಿ. 108ಕ್ಕೆ ಫೋನ್ ಮಾಡಿ. ಡಾಕ್ಟರ್ ನೀವು ಚಿಕ್ಕವರೆಂದು ಇಸಿಜಿ ಬೇಡ ಎಂದರೂ ವಾಲ್ವ್ ತೊಂದರೆ ಇದೆ ಎಂದು ಹೇಳಿ ಇಸಿಜಿ, ಹೃದಯಕ್ಕೆ ಪೆಟ್ಟಾಗಿದೆಯಾ ಎಂದು ತೋರಿಸುವ ಟ್ರೋಪೋನಿನ್ ರಕ್ತ ಪರೀಕ್ಷೆ ಎರಡೂ ಕೇಳಿ. ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಇನ್ನೂ ಅರ್ಜೆಂಟ್. ಹೆಪ್ಪು ಕರಗಿಸುವ ಚಿಕಿತ್ಸೆಗೆ ನಾಲ್ಕೂವರೆ ಗಂಟೆಯೊಳಗೆ ಸ್ಕ್ಯಾನ್ ಇರುವ ಆಸ್ಪತ್ರೆ ಮುಟ್ಟಿ ಪರೀಕ್ಷೆ ಮುಗಿದಿರಬೇಕು.

ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಹೃದಯಾಘಾತಕ್ಕೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಒಳ್ಳೆಯ ಕೆಲಸ, ಜೀವ ಉಳಿಸುತ್ತಿದೆ. ಆದರೆ ಅಸಿಟ್ರಾಮ್ ತೆಗೆದುಕೊಳ್ಳುವವರಿಗೆ ಅದೇ ಇಂಜೆಕ್ಷನ್ ಮೆದುಳಿನಲ್ಲಿ ರಕ್ತಸ್ರಾವ ಮಾಡಬಹುದು. ಆ ಗಡಿಬಿಡಿಯಲ್ಲಿ ಹೇಳಲು ನಿಮಗೆ ಆಗದೇ ಹೋಗಬಹುದು. ಅದಕ್ಕೆ ಮೊಬೈಲ್ ಕವರಿನ ಹಿಂದೆ ಒಂದು ಚೀಟಿ ಇಡಿ: ಯಾವ ವಾಲ್ವ್, ಯಾವ ಮಾತ್ರೆ, ಕೊನೆಯ ಐಎನ್‌ಆರ್ ಎಷ್ಟು. ಅಸಿಟ್ರಾಮ್ ಮೇಲಿರುವವರು ಎದೆನೋವು ಬಂತೆಂದು ತಾವಾಗೇ ಆಸ್ಪಿರಿನ್ ಅಗಿಯಬೇಡಿ.

ಹೆಣ್ಣುಮಕ್ಕಳಿಗೆ ಮಾತ್ರ ಸಂಬಂಧಿಸಿದ್ದು ಇನ್ನೂ ಇದೆ, ಗಂಡಸು ಡಾಕ್ಟರ ಮುಂದೆ ಎಷ್ಟೋ ಜನ ಎತ್ತುವುದೇ ಇಲ್ಲ. ವರಮಹಾಲಕ್ಷ್ಮಿ ಹಬ್ಬ, ಗೃಹಪ್ರವೇಶ ಬಂತೆಂದರೆ ಮುಟ್ಟು ಮುಂದೂಡುವ ಮಾತ್ರೆ ತರಿಸಿಕೊಳ್ಳುತ್ತಾರೆ. ಆ ಮಾತ್ರೆಗಳು ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸಬಹುದು. ಲೋಹದ ವಾಲ್ವ್, ಎಎಫ್, ತುಂಬಾ ಕಿರಿದಾದ ವಾಲ್ವ್ ಇರುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಲೇಬಾರದು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಯೂ ಅವರಿಗೆ ಬೇಡ. ಕಾಪರ್-ಟಿ ಹಾಕಿಸಬಹುದು, ಆದರೆ ಅಸಿಟ್ರಾಮ್ ಮೇಲಿರುವವರಿಗೆ ಅದರಿಂದ ಸ್ರಾವ ಹೆಚ್ಚಬಹುದು, ಕೇಳಿ ಹಾಕಿಸಿ. ಅಸಿಟ್ರಾಮ್‌ನಿಂದ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ ಎಂದು ಆ ಐದು ದಿನ ಮಾತ್ರೆ ನಿಲ್ಲಿಸುವವರಿದ್ದಾರೆ. ಲೋಹದ ವಾಲ್ವ್ ಹೆಪ್ಪುಗಟ್ಟಿ ಅಲುಗಾಡದಂತಾಗಲು ಆ ಐದು ದಿನ ಸಾಕಾಗಬಹುದು. ನಿಲ್ಲಿಸಬೇಡಿ, ಐಎನ್‌ಆರ್ ನೋಡಿಸಿ, ಸ್ತ್ರೀರೋಗ ತಜ್ಞರಿಗೆ ತೋರಿಸಿ. ರಕ್ತ ನಿಲ್ಲಿಸಲು ಹೊರಗಡೆ ಕೊಡುವ ಟ್ರನೆಕ್ಸಾಮಿಕ್ ಮಾತ್ರೆಯನ್ನೂ ಹೃದಯದ ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ. ಮಂಡಿನೋವಿನ ಮಾತ್ರೆಯನ್ನೂ ಹಾಗೆ ನುಂಗಬೇಡಿ. ಅಸಿಟ್ರಾಮ್ ತೆಗೆದುಕೊಳ್ಳುವಾಗ ಊಟದಲ್ಲಿ ಸೊಪ್ಪು ಬಿಡಬೇಕೆಂದು ಯಾರೋ ಹೇಳಿ ಬಸ್ಸಾರೇ ಬಿಟ್ಟವರನ್ನು ಕಂಡಿದ್ದೇನೆ. ಬಿಡಬೇಕಾಗಿಲ್ಲ, ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಿ.

ಕೊನೆಗೆ ಎರಡನೇ ಮಗು. ಸಾಧ್ಯ. ಆದರೆ ಮೊದಲು ಪರೀಕ್ಷೆ, ಆಮೇಲೆ ಬಸಿರು. ಬಸುರಿಯಲ್ಲಿ ಮೈಯಲ್ಲಿ ರಕ್ತ 40ರಿಂದ 50 ಶೇಕಡಾ ಹೆಚ್ಚುತ್ತದೆ, ಅಷ್ಟೂ ಆ ಕಿರಿದಾದ ವಾಲ್ವ್ ದಾಟಬೇಕು. ಏಳು, ಎಂಟನೇ ತಿಂಗಳು ಕಷ್ಟದ ಕಾಲ, ಹೆರಿಗೆಯಾದ ಮೊದಲ ಎರಡು ಮೂರು ದಿನ ಇನ್ನೂ ಕಷ್ಟ. 1.6 ಇದ್ದು, ಎಎಫ್ ಇಲ್ಲದೆ, ಶ್ವಾಸಕೋಶದ ಒತ್ತಡ ಸರಿಯಿದ್ದರೆ ಹೃದಯದ ಡಾಕ್ಟರೂ ಹೆರಿಗೆ ಡಾಕ್ಟರೂ ಒಟ್ಟಿಗೆ ನೋಡಿಕೊಂಡು ನಿಭಾಯಿಸಬಹುದು. ಇನ್ನೂ ಕಿರಿದಾಗಿದ್ದರೆ ಬಸುರಿಗೆ ಮುಂಚೆಯೇ ಇನ್ನೊಮ್ಮೆ ಬಲೂನ್ ಆಗಬಹುದಾ ಎಂದು ನೋಡುತ್ತಾರೆ. ಪೆನಿಸಿಲಿನ್ ಬಸುರಿಯಲ್ಲೂ ಬಿಡಬಾರದು, ಮಗುವಿಗೆ ತೊಂದರೆಯಿಲ್ಲ. ಅಸಿಟ್ರಾಮ್ ಮೇಲಿರುವವರ ಕಥೆ ಬೇರೆ. ಆರರಿಂದ ಹನ್ನೆರಡನೇ ವಾರದ ನಡುವೆ ಅದು ಮಗುವಿನ ಬೆಳವಣಿಗೆಗೆ ಹಾನಿ ಮಾಡಬಹುದು, ಹಾಗೆಂದು ಸುಮ್ನೆ ನಿಲ್ಲಿಸಿದರೆ ತಾಯಿಯ ಜೀವಕ್ಕೇ ಅಪಾಯ. ಮುಟ್ಟು ಒಂದು ವಾರ ತಡವಾದರೂ ಟೆಸ್ಟ್ ಮಾಡಿಕೊಂಡು ಅದೇ ದಿನ ಡಾಕ್ಟರಿಗೆ ಹೇಳಬೇಕು. ಹಾಲೂಡಿಸುವಾಗ ಅಸಿಟ್ರಾಮ್, ವಾರ್ಫರಿನ್ ತೆಗೆದುಕೊಳ್ಳಬಹುದು.

ಹೋಗುವಾಗ ಬಲೂನ್ ಮಾಡಿದಾಗಿನ ಡಿಸ್ಚಾರ್ಜ್ ಕಾಗದ, ಹಳೆಯ ಎಕೋ ರಿಪೋರ್ಟ್‌ಗಳು, ಪೆನಿಸಿಲಿನ್ ಕಾರ್ಡ್ ಎಲ್ಲವನ್ನೂ ತೆಗೆದುಕೊಂಡು ಹೋಗಿ. ಮೊದಲ ಹೆರಿಗೆಯ ಕಾಗದವನ್ನೂ ಮರೆಯಬೇಡಿ, ಆಗ ದಮ್ಮು ಬಂದಿತ್ತಾ, ಬಿಪಿ ಎಷ್ಟಿತ್ತು ಎಂಬುದರಿಂದ ಈ ಸಲ ಹೇಗಿರಬಹುದೆಂದು ಡಾಕ್ಟರಿಗೆ ಅಂದಾಜು ಸಿಗುತ್ತದೆ. ಬಲೂನ್ ಆದಾಗ ವಾಲ್ವ್ ಎಷ್ಟು ಅಗಲವಾಗಿತ್ತು ಎಂಬುದು ಆ ಡಿಸ್ಚಾರ್ಜ್ ಕಾಗದದಲ್ಲಿ ಇರುತ್ತದೆ. ಅಲ್ಲಿಂದ 1.6ಕ್ಕೆ ಎಷ್ಟು ವರ್ಷದಲ್ಲಿ ಇಳಿಯಿತು ಎಂದು ನೋಡಿದರೆ ಎರಡನೇ ಮಗುವಿಗೆ ಇದು ಸರಿಯಾದ ಸಮಯವಾ ಎಂದು ಹೇಳುವುದು ಸುಲಭವಾಗುತ್ತದೆ.